ಎಲ್ಲರಿಗೂ ಒಂದೇ ಮೌನ

ಕೋರ್ಟು ತಾನೇ ನಿಮ್ಮ ಊರಿಗೆ ಬಂದು, ನಿಮ್ಮ ಮಾತಿನಲ್ಲೇ ಹೇಳಿ, ಕೇಳುತ್ತೇನೆ ಅಂದರೆ? ವಕೀಲರು ಬೇಡ, ಬಸ್ಸು ಬೇಡ, ತಾರೀಖಿನ ಮೇಲೆ ತಾರೀಖು ಬೇಡ ಅಂದರೆ? ಒಲ್ಲೆ ಅನ್ನುವವರು ಯಾರು? ಯಾರೂ ಅನ್ನಲಿಲ್ಲ. ಹಾಗಾಗಿ ದೇಶದ ತಾಲ್ಲೂಕು ತಾಲ್ಲೂಕಿನಲ್ಲೂ ಕೇಳುಮನೆಗಳು ಎದ್ದವು.

ಕೇಳುಮನೆ ಅಂದರೆ ಒಂದೇ ಕೋಣೆ. ಹೊರಗಿನ ಸದ್ದು ಒಳಗೆ ಬಾರದ ಹಾಗೆ ಗೋಡೆಗೆಲ್ಲ ದಪ್ಪ ಮೆತ್ತೆ. ನಡುವೆ ಒಂದು ಕುರ್ಚಿ. ಎದುರಿಗೆ ಜರಡಿಯಂಥ ಒಂದು ಕಿವಿ, ಗಾಜಿನ ಒಂದು ಕಣ್ಣು, ಒಂದು ಹಸಿರು ದೀಪ. ಕುರ್ಚಿಯಲ್ಲಿ ಕೂತರೆ ದೀಪ ಹತ್ತುತ್ತದೆ. ಹೇಳಬೇಕಾದ್ದನ್ನು ಹೇಳಬೇಕು. ಯಂತ್ರಕ್ಕೆ ಬೀದರಿನ ಮಾತೂ ಗೊತ್ತು, ಕುಂದಾಪುರದ ಮಾತೂ ಗೊತ್ತು. ಹೇಳಿದ್ದು ತುದಿಯಿಂದ ತುದಿಗೆ ನಿಲ್ಲುತ್ತದೋ ಇಲ್ಲವೋ, ಉಳಿದ ಸಾಕ್ಷಿಗಳಿಗೆ ಕೂಡುತ್ತದೋ ಇಲ್ಲವೋ ಎಂದು ಅದು ತೂಗಿ, ದೂರದಲ್ಲಿರುವ ನ್ಯಾಯಾಧೀಶರ ಮುಂದೆ ಇಡುತ್ತದೆ. ಸಾಹುಕಾರನಿಗೂ ಅದೇ ಕುರ್ಚಿ, ಹಮಾಲನಿಗೂ ಅದೇ ಕುರ್ಚಿ.

ಕಟ್ಟಳೆ ಎರಡು. ಒಳಗೆ ಇನ್ನೊಬ್ಬರು ಇರಕೂಡದು. ಇದು ಒಳ್ಳೆಯದಕ್ಕೇ ಮಾಡಿದ್ದು. ಹಿಂದೆಲ್ಲ ಸೊಸೆ ಸಾಕ್ಷಿ ಹೇಳುವಾಗ ಬೆನ್ನ ಹಿಂದೆ ಮಾವ ನಿಂತಿರುತ್ತಿದ್ದ, ಆಳು ಹೇಳುವಾಗ ಧಣಿ ಕೆಮ್ಮುತ್ತಿದ್ದ. ಎರಡನೆಯದು, ಯಂತ್ರ ಮಾತಾಡಕೂಡದು. ತಲೆದೂಗುವವರು ಸಿಕ್ಕರೆ ಸಾಕ್ಷಿಯ ಮಾತು ಆ ಕಡೆಗೇ ವಾಲುತ್ತದೆ, ಅದು ಮನುಷ್ಯರ ಗುಣ. ಅದಕ್ಕೇ ಅಲ್ಲಿ ಮೌನ. ಹೇಳುವವರು ಮಾತು ನಿಲ್ಲಿಸಿ, ಹಂಚಿನ ಮೇಲೆ ರೊಟ್ಟಿ ಒಂದು ಮಗ್ಗುಲು ಬೇಯುವಷ್ಟು ಹೊತ್ತು ಸುಮ್ಮನಾದರೆ, ಮುಗಿಯಿತು ಎಂದು ತಿಳಿದು ದೀಪ ಆರುತ್ತದೆ. ಒಬ್ಬರಿಗೆ ಮೂರು ಸಲ ಅವಕಾಶ.

ಬ್ಯಾಡಗಿ ಸೀಮೆಯ ಒಂದು ಊರಿನ ಫಕೀರವ್ವನಿಗೆ ಎರಡು ಸಲ ಮುಗಿದಿತ್ತು.

ಅವಳ ತಮ್ಮ ಗೂಳಪ್ಪ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲ. ಧಣಿಯ ಕೂಡ ಅವನಿಗೆ ಜಗಳವಾದ ಮರುದಿನವೇ ರಾತ್ರಿ ಅಲ್ಲಿಗೆ ಬೆಂಕಿ ಬಿತ್ತು. ಗೂಳಪ್ಪನನ್ನು ಹಿಡಿದರು. "ಅಕ್ಕನ ಕೂಡ ಇದ್ನಿ" ಅಂದ. "ಅಕ್ಕನ ಕೂಡ ಏನ್ ಮಾಡಾಕತ್ತಿದ್ದಿ?" ಅಂದರೆ ತಲೆ ತಗ್ಗಿಸಿದ. "ಅಕ್ಕ ಹೇಳಿದ್ರ ಹೇಳ್ಲಿ. ನಾ ಹೇಳಾಂಗಿಲ್ಲ." ಆಗಿನಿಂದ ಜೈಲಿನಲ್ಲಿದ್ದಾನೆ. ಅವನನ್ನು ಬಿಡಿಸುವ ಸಾಕ್ಷಿ ಭೂಮಿಯ ಮೇಲೆ ಇದ್ದದ್ದು ಒಂದೇ, ಫಕೀರವ್ವನ ಬಾಯಿ.

ಎರಡನೆಯ ಸಲವೂ ಅವಳು ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡು ಶುರು ಮಾಡಿದ್ದಳು.

"ಆವತ್ತು ನನ್ನ ತಮ್ಮ ನಮ್ಮ ಮನಿಗೆ ಬಂದ..."

ಕಾದಳು. ಎದುರಿನ ಜರಡಿ ಸುಮ್ಮನಿತ್ತು.

"ಬಂದಾಗ ನಾನು ಒಳಗ ಕುಂತಿದ್ನಿ..."

ಮತ್ತೆ ಕಾದಳು. ಮುಂದಿನ ಮಾತು ಗಂಟಲಿನವರೆಗೆ ಬಂದು, ಹಿಡಿಯುವವರಿಲ್ಲದೆ ಅಲ್ಲೇ ಕೂತಿತು. ಹಸಿರು ದೀಪ ಆರಿತು.

ಹೊರಗೆ ಬಂದವಳನ್ನು ನೆರೆಯ ಸಾವಂತ್ರವ್ವ ಕೇಳಿದಳು, "ಏನವಾ, ಮೂಗಪ್ಪ ಏನಂದ?"

ಊರಿನವರು ಯಂತ್ರಕ್ಕೆ ಇಟ್ಟ ಹೆಸರು ಅದು.

"ಅವ ಏನ್ ಅಂತಾನ ಯವ್ವಾ. ನನ್ನ ಬಾಯೂ ಮೂಗ ಮಾಡಿ ಕಳಿಸಿದ."

*

ಫಕೀರವ್ವ ಅಂಜುಬುರುಕಿ ಅಲ್ಲ. ಮೆಣಸಿನಕಾಯಿ ಕಣದಲ್ಲಿ ಅವಳಷ್ಟು ಚಂದ ಹೇಳುವವರು ಇನ್ನೊಬ್ಬರಿರಲಿಲ್ಲ. ಆ ಕಣದ ರೀತಿ ಹೇಳುತ್ತೇನೆ, ಅದು ತಿಳಿಯದೆ ಈ ಕಥೆ ತಿಳಿಯುವುದಿಲ್ಲ.

ಅಲ್ಲಿ ಹೆಂಗಸರು ಸಾಲಾಗಿ ಕೂತು ತುಂಬು ಬಿಡಿಸುತ್ತಾರೆ, ಅಂದರೆ ಒಂದೊಂದೇ ಕಾಯಿ ಹಿಡಿದು ತೊಟ್ಟು ತೆಗೆಯುತ್ತಾರೆ. ಘಾಟಿಗೆ ಮೂಗು ಬಾಯಿ ಎಲ್ಲ ಅರಿವೆಯಲ್ಲಿ ಕಟ್ಟಿರುತ್ತದೆ. ಕಣ್ಣು ಎತ್ತಿದರೆ ಉರಿ, ಹಾಗಾಗಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಒಬ್ಬಳು ಹೇಳುತ್ತಾಳೆ, ಇನ್ನೊಬ್ಬಳು ಹೂಂಗುಟ್ಟುತ್ತಾಳೆ. ಬೆಳಿಗ್ಗೆ ಕೂಡುವಾಗಲೇ ನಿಕ್ಕಿಯಾಗುತ್ತದೆ: "ಇವತ್ತ ಹೂಂ ಅನ್ನೋ ಪಾಳಿ ಯಾರದವಾ?" ಮುಖವಿಲ್ಲ, ಕಣ್ಣಿಲ್ಲ, ಕೈಗೆ ಬಿಡುವಿಲ್ಲ, ಕೇಳುವವರಿದ್ದಾರೆ ಅನ್ನುವುದಕ್ಕೆ ಆ ಒಂದು ಹೂಂ ಬಿಟ್ಟು ಬೇರೆ ಗುರುತಿಲ್ಲ. ಹೂಂ ನಿಂತರೆ ಹೇಳುವವಳೂ ನಿಲ್ಲಿಸಬೇಕು. ಕೇಳುವವಳಿಗೆ ನಿದ್ದೆ ಬಂದಿರಬಹುದು, ಇಲ್ಲವೆ ಅವಳ ಸಂಕಟಕ್ಕೆ ಈ ಮಾತು ತಾಗಿರಬಹುದು. ಹೂಂ ಇಲ್ಲದೆ ಮುಂದೆ ಹೇಳುವವಳನ್ನು ಆ ಕಣದಲ್ಲಿ ಹುಚ್ಚಿ ಅನ್ನುತ್ತಾರೆ. ಫಕೀರವ್ವ ಎಂಟು ವರ್ಷದವಳಿದ್ದಾಗಿನಿಂದ ಆ ಸಾಲಿನಲ್ಲೇ ಕೂತವಳು.

ಆದರೆ ಗೂಳಪ್ಪನ ಆ ರಾತ್ರಿಯ ಸಂಗತಿಯನ್ನು ಆ ಸಾಲಿನಲ್ಲೂ ಅವಳು ಹೇಳಿರಲಿಲ್ಲ. ಲಾರಿ ಹೊಡೆಯುವ ಗಂಡನಿಗೂ "ಹೋತು" ಎಂದು ಒಂದೇ ಮಾತು ಹೇಳಿದ್ದಳು. ಅವನು ಹೂಂ ಅನ್ನಲಿಲ್ಲ. ಮರುದಿನ ಗುಂಟೂರಿನ ಲೋಡಿಗೆ ಹೋದ.

*

ಧಾರವಾಡದ ಒಂದು ದಿನ್ನೆಯ ಮೇಲೆ ಆ ಸೀಮೆಯ ಕೇಳುಮನೆಗಳ ನಿಗಾ ಕೋಣೆ ಇತ್ತು. ಅಲ್ಲಿ ಸುನಂದಾ ಕಡೇಮನಿ ಕೆಲಸ ಮಾಡುತ್ತಿದ್ದಳು. ನಲವತ್ತರ ಮೇಲಿನ ವಯಸ್ಸು, ಒಬ್ಬಳೇ ಇರುವವಳು. ಅವಳ ಕೆಲಸ ನೋಡುವುದು, ಕೇಳುವುದಲ್ಲ. ಸಾಕ್ಷಿಯ ಮಾತನ್ನು ಅಲ್ಲಿ ಯಾರೂ ಕೇಳಕೂಡದು, ಕೇಳಿದರೆ ಅಪರಾಧ. ಪರದೆಯ ಮೇಲೆ ಮಾತಿನ ಅಲೆಗೆರೆ ಮಾತ್ರ ಹರಿಯುತ್ತದೆ. ದನಿ ಏರಿದರೆ ಗೆರೆ ಏಳುತ್ತದೆ, ಸುಮ್ಮನಾದರೆ ಮಲಗುತ್ತದೆ. ಯಂತ್ರಕ್ಕೆ ಏನಾದರೂ ಅನುಮಾನ ಬಂದರಷ್ಟೇ ಅವಳನ್ನು ಕೇಳುತ್ತದೆ, ಕೋಣೆಯ ಚಿತ್ರ ತೋರಿಸುತ್ತದೆ.

ವರ್ಷಗಟ್ಟಲೆ ಗೆರೆ ನೋಡಿದವಳಿಗೆ ಗೆರೆಗೂ ಮುಖ ಇರುತ್ತದೆ. ಆ ಮೆಣಸಿನಕಾಯಿ ಸೀಮೆಯಿಂದ ಬರುವ ಹೆಂಗಸರ ಗೆರೆಗಳೆಲ್ಲ ಒಂದೇ ತರಹ ಇರುವುದು ಅವಳಿಗೆ ಕಂಡಿತು. ಸಣ್ಣದೊಂದು ಏರು, ಮಲಗು. ಇನ್ನೊಂದು ಏರು, ಮಲಗು. ಆಮೇಲೆ ಏಳುವುದೇ ಇಲ್ಲ.

"ಸರ್, ಇವರೆಲ್ಲ ನಡುವೇ ಯಾಕ ನಿಲ್ಲಿಸ್ತಾರ?" ಎಂದು ಮೇಲಿನವರಾದ ಇನಾಮದಾರರನ್ನು ಕೇಳಿದಳು.

ಇನಾಮದಾರ ಕೆಟ್ಟವರಲ್ಲ. ಹಿಂದೆ ಅವರ ಅವ್ವನ ಮನೆಯ ಪಾಲಿನ ದಾವೆ ಅವ್ವ ಸಾಯುವತನಕ ನಡೆದಿತ್ತು, ಆ ಸಿಟ್ಟಿಗೇ ಈ ಕೆಲಸಕ್ಕೆ ಸೇರಿದವರು. "ಹೇಳೋದು ಇರಂಗಿಲ್ಲ, ನಿಲ್ಲಿಸ್ತಾರ," ಅಂದರು. "ಇಲ್ಲಾ ಸುಳ್ಳು ಇರಬೇಕು. ಸುಳ್ಳಿಗೆ ಉಸಿರು ಕಡಿಮಿ ಕಡೇಮನಿಯವರ."

"ಒಂದು ಸೀಮಿ ಹೆಂಗಸರೆಲ್ಲಾ ಸುಳ್ಳು ಹೇಳ್ತಾರಂತೀರಿ?"

"ನಾ ಅನ್ನಂಗಿಲ್ಲ. ಯಂತ್ರ ಅಂತದ." ನಕ್ಕು ಚಹಾಕ್ಕೆ ಎದ್ದರು.

ಆ ಸಂಜೆ ಅವಳು ಮನೆಗೆ ಬಂದು ಹಾಲು ಕಾಯಲು ಇಟ್ಟಳು. ವಿಜಯಪುರದಿಂದ ಅಕ್ಕನ ಫೋನು ಬಂತು. ದಿನಾ ಬರುವಂಥದೇ. ಇಡೀ ದಿನದಲ್ಲಿ ಅವಳ ಮನೆಯೊಳಗೆ ಮನುಷ್ಯರ ದನಿ ಅಂತ ಕೇಳುವುದು ಅದೊಂದೇ.

"ಮಗ್ಗಲಮನಿ ಹುಡುಗಿ ನಿಶ್ಚಯ ಆತಂತ ಹೇಳಿದ್ನೆಲ್ಲ? ಹೋಳಿಗಿ ಸಾಲಲಿಲ್ಲಂತ ಬೀಗರು ಮಾರಿ ಊದಿಸ್ಕೊಂಡು ಕುಂತ್ರು. ಅದೂ ಯಾರು? ಆ ಗಂಡಿನ ಕಾಕಾ, ಒಬ್ಬನ ಏಳು ಹೋಳಿಗಿ ಹೊಡದಾಂವ..."

ಹಾಲು ಉಕ್ಕಲು ಬಂದಿತ್ತು. ಸುನಂದಾ ಬಗ್ಗಿ ಒಲೆ ಸಣ್ಣ ಮಾಡುತ್ತಿದ್ದಳು.

ಫೋನಿನಲ್ಲಿ ಮಾತು ನಿಂತಿತು. "ಹಲೋ? ಅದೀಯೋ ಇಲ್ಲೋ?"

"ಅದೀನಿ, ಹೇಳಕ್ಕ."

"ಮತ್ತ ಹೂಂ ಅನ್ನಬೇಕೋ ಬ್ಯಾಡೋ? ಗ್ವಾಡಿ ಮುಂದ ಹೇಳಿದಂಗ ಆಗ್ತದ ನನಗ. ಹೋಗು, ಮರತ ಹೋತು ಎಲ್ಲಿದ್ನೆನ್ನೋದು."

ಸುನಂದಾಳ ಕೈ ಒಲೆಯ ಗುಂಡಿಯ ಮೇಲೆ ಹಾಗೇ ನಿಂತಿತು. ಏರು, ಮಲಗು. ಏರು, ಮಲಗು. ಹಾಲು ಉಕ್ಕಿತು.

*

"ಹೂಂ ಅನ್ನಬೇಕೇ? ಯಂತ್ರ?" ಇನಾಮದಾರರು ಕನ್ನಡಕ ತೆಗೆದರು.

"ಬರೇ ಹೂಂ, ಸರ್. ಬೇರೆ ಏನೂ ಬ್ಯಾಡ. ನನ್ನ ದನೀನ ಬೇಕಾದ್ರ ತಗೊಳ್ರಿ. ಇಲ್ಲಾಂದ್ರ ಅವರು ಸುಮ್ಮನಾದಾಗ ಇನ್ನಷ್ಟು ಹೊತ್ತು ಕಾಯೂ ಹಂಗ ಮಾಡ್ರಿ."

"ಅವರಿಗೆ ಹೂಂ ಬೇಕು ಅಂತ ನೀವ ಅಂದ್ರೆಲ್ಲ, ಮತ್ತ ಬರೇ ಕಾದ್ರ ಅವರೆಲ್ಲಿ ಹೇಳ್ತಾರ? ಹೂಂ ಅಂದ್ರ ಧೈರ್ಯ ಕೊಟ್ಟಂಗ. ಇವರಿಗೆ ಕೊಟ್ಟು ಅವರಿಗೆ ಕೊಡದಿದ್ರ? ದನಿ ಮೆತ್ತಗಾದ್ರ ಒಬ್ಬರಿಗೆ ಒಂದು ಅರ್ಥ, ಗಟ್ಟಿಯಾದ್ರ ಇನ್ನೊಬ್ಬರಿಗೆ ಇನ್ನೊಂದು." ಮೇಜು ತಟ್ಟಿದರು. "ಎಲ್ಲರಿಗೂ ಒಂದೇ ಮೌನ. ಇದರ ಮ್ಯಾಲ ನಿಂತದ ಈ ಇಡೀ ಕಟ್ಟಡ. ಗ್ವಾಡಿ ಹೂಂ ಅಂದ್ರೂ ಅದು ಇನ್ನೊಬ್ಬರು ಇದ್ದಂಗ, ಸಾಕ್ಷಿ ರದ್ದು. ಕಟ್ಟಳಿ ಓದೀರಲ್ಲ?"

"ಓದೀನಿ, ಸರ್. ಆದ್ರ ಮೌನ ಎಲ್ಲರಿಗೂ ಒಂದೇ ಅಲ್ಲ."

"ಬರದು ಕಳಸ್ರಿ, ದಿಲ್ಲಿಗೆ ಹಾಕೋಣ. ಮುಂದಿನ ವರ್ಷದ ತಿದ್ದುಪಡಿಯೊಳಗ ನೋಡ್ತಾರ."

ಮುಂದಿನ ವರ್ಷ. ಫಕೀರವ್ವನ ಮೂರನೆಯ ಸರದಿ ಮುಂದಿನ ವಾರ ಇತ್ತು. ಪರದೆಯ ಮೂಲೆಯಲ್ಲಿ ಅವಳ ಹೆಸರು, ಅದರ ಕೆಳಗೆ ಜೈಲಿನಲ್ಲಿರುವ ಆರೋಪಿ ಗೂಳಪ್ಪನ ಹೆಸರು ಬಂದಿತ್ತು. ಆ ಎರಡು ಮುರಿದ ಗೆರೆಗಳನ್ನು ಸುನಂದಾ ಮರೆತಿರಲಿಲ್ಲ.

*

ಇತ್ತ ಕಣದಲ್ಲಿ ಹೆಂಗಸರು ಉಪಾಯ ಹೇಳುತ್ತಿದ್ದರು. "ನಾನೂ ಒಳಗ ಬಂದು ಕುರ್ಚಿ ಬುಡಕ ಅಡಗಿ ಕುಂದರ್ಲೇನ?" ಅಂದಳು ಸಾವಂತ್ರವ್ವ. ಅವಳ ಗಾತ್ರ ನೆನೆದು ಸಾಲೆಲ್ಲ ಅರಿವೆಯೊಳಗೇ ನಕ್ಕಿತು. "ನೀ ಬುಡಕ ಕುಂತ್ರ ಕುರ್ಚಿ ಮ್ಯಾಲೆ ಏಳತೈತಿ, ಸುಮ್ನಿರ."

ಫಕೀರವ್ವನೂ ನಕ್ಕಳು. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ಗಂಡ ಲೋಡಿಗೆ ಹೋಗಿದ್ದ. ಒಲೆ ಹಚ್ಚಲು ಮನಸ್ಸಾಗಲಿಲ್ಲ. ತಾಮ್ರದ ತಂಬಿಗೆ ಎತ್ತಿ ನೀರು ಕುಡಿದಳು. ಕುಡಿದು, ತಂಬಿಗೆ ಇನ್ನೂ ತುಟಿಯ ಹತ್ತಿರವೇ ಇರುವಾಗ, "ಗೂಳಾ..." ಎಂದು ನಿಟ್ಟುಸಿರು ಬಿಟ್ಟಳು.

ಹೂಂ, ಅಂದಿತು ತಂಬಿಗೆ.

ಅವಳು ಬೆಚ್ಚಿ ಅದನ್ನು ಕೆಳಗಿಟ್ಟಳು. ಮತ್ತೆ ಎತ್ತಿ ಅದರ ಬಾಯಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಅಂದಳು, "ಕೇಳಾಕತ್ತೀಯೇನ?"

ಹೂಂ.

ಇದರಲ್ಲಿ ಮಾಯೆ ಏನಿಲ್ಲ. ಕಂಠ ಸಣ್ಣಗಿರುವ ಪಾತ್ರೆಯೊಳಗಿನ ಗಾಳಿಗೆ ತನ್ನದೇ ಒಂದು ಸ್ವರ ಇರುತ್ತದೆ. ನಮ್ಮ ದನಿಯಲ್ಲಿ ಆ ಸ್ವರ ಬಂದಾಗ ಗಾಳಿ ಅದನ್ನು ಹಿಡಿದುಕೊಂಡು ತಾನೂ ತುಸು ಗುಂಯ್ಗುಡುತ್ತದೆ. ನೀರು ಹೆಚ್ಚಿದ್ದರೆ ಸಣ್ಣ ದನಿ, ಕಡಿಮೆಯಿದ್ದರೆ ದಪ್ಪ ದನಿ. ಫಕೀರವ್ವ ಅರ್ಧ ನೀರು ಚೆಲ್ಲಿ ನೋಡಿದಳು, ಮುಕ್ಕಾಲು ಚೆಲ್ಲಿ ನೋಡಿದಳು. ತಳದಲ್ಲಿ ಒಂದು ಗುಟುಕು ಉಳಿದಾಗ ಅದರ ದನಿ ವಯಸ್ಸಾದ ಹೆಂಗಸಿನ ದನಿಯಂತೆ, ಅರಿವೆ ಕಟ್ಟಿದ ಬಾಯಿಯಿಂದ ಬಂದಂತೆ ಇತ್ತು. ಅಷ್ಟಕ್ಕೇ ನಿಲ್ಲಿಸಿದಳು.

ಕೇಳುಮನೆಗೆ ಸಾಕ್ಷಿಗಳು ಕುಡಿಯುವ ನೀರು ಒಯ್ಯಬಹುದಿತ್ತು.

*

ದೀಪ ಹತ್ತಿತು. ಫಕೀರವ್ವ ತಂಬಿಗೆಯನ್ನು ಎರಡೂ ಕೈಯಲ್ಲಿ ಬಾಯಿಯ ಹತ್ತಿರ ಹಿಡಿದು, ಅದರ ಮೇಲೆ ತಲೆ ಬಗ್ಗಿಸಿದಳು. ಮೆಣಸಿನಕಾಯಿ ಬಿಡಿಸುವಾಗ ಬಗ್ಗಿಸಿದ ಹಾಗೆ.

"ನಂದು ಏಳನೇ ತಿಂಗಳು."

ಹೂಂ.

"ದೀಪ ಹಚ್ಚೂ ಹೊತ್ತಿಗೆ ಹೊಟ್ಟಿ ನೋಯಾಕ ಹತ್ತಿತು. ಗಂಡ ಊರಾಗಿರಲಿಲ್ಲ. ಯಾರನ್ನೂ ಕರೀಲಿಲ್ಲ, ಇಷ್ಟ ನೋವು, ಹೋಗತೈತಿ ಅನಕೊಂಡ್ನಿ."

ಹೂಂ.

ಧಾರವಾಡದಲ್ಲಿ ಸುನಂದಾ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಗೆರೆ ಎದ್ದಿತು, ಮಲಗಿತು. ಮಲಗಿದಲ್ಲಿ, ಅದರ ಕೆಳಗೆ, ಕೂದಲೆಳೆಯಷ್ಟು ಸಣ್ಣ ಇನ್ನೊಂದು ಗೆರೆ ಅಲುಗಿತು. ಮತ್ತೆ ದೊಡ್ಡ ಗೆರೆ ಎದ್ದಿತು. ಇಷ್ಟು ಉದ್ದದ ಗೆರೆಯನ್ನು ಆ ಸೀಮೆಯಿಂದ ಅವಳು ಎಂದೂ ಕಂಡಿರಲಿಲ್ಲ.

ಪರದೆ ಕೆಂಪಾಯಿತು. ಯಂತ್ರ ಕೇಳಿತು: ಎರಡನೆಯ ದನಿ ಇದೆ. ಕೋಣೆಯಲ್ಲಿ ಇನ್ನೊಬ್ಬರು ಇದ್ದಾರೆಯೇ?

ಕೋಣೆಯ ಚಿತ್ರ ತೆರೆಯಿತು. ಹಸಿರು ಸೀರೆಯ ಹೆಂಗಸು ಒಬ್ಬಳು, ಬೆರಳೆಲ್ಲ ಕೆಂಪಡರಿ, ಒಂದು ತಂಬಿಗೆಯ ಮೇಲೆ ಬಗ್ಗಿದ್ದಳು. ತುಟಿ ಆಡುತ್ತಿತ್ತು. ನಿಲ್ಲಿಸಿ ಕಿವಿಗೊಡುತ್ತಿದ್ದಳು, ಮತ್ತೆ ತುಟಿ ಆಡುತ್ತಿತ್ತು.

ಸುನಂದಾಳಿಗೆ ಎಲ್ಲ ತಿಳಿಯಿತು. ಗೋಡೆ ಹೂಂ ಅಂದರೂ ರದ್ದು. ಹೌದು ಎಂದು ಒತ್ತಿದರೆ ಮೂರನೆಯ ಸಲವೂ ಮುಗಿಯಿತು. ಆ ಗೂಳಪ್ಪ ಎನ್ನುವವನು ಒಳಗೇ ಉಳಿದ. ಇಲ್ಲ ಎಂದು ಒತ್ತಿದರೆ ತನ್ನ ಹೆಸರು ಅದರ ಕೆಳಗೆ ಬರುತ್ತದೆ. ಅವಳು ಚಿತ್ರವನ್ನು ಇನ್ನೊಮ್ಮೆ ನೋಡಿದಳು. ಖಾಲಿ ಕೋಣೆ. ಮೆತ್ತೆಯ ಗೋಡೆ. ಒಬ್ಬಳೇ ಹೆಂಗಸು.

ಇಲ್ಲ, ಎಂದು ಒತ್ತಿದಳು.

ಚಿತ್ರ ಮುಚ್ಚಿತು. ಗೆರೆ ಹರಿಯಿತು.

"ಗೂಳ ರೊಟ್ಟಿ ಒಯ್ಯಾಕ ಬಂದಾಂವ ಬಾಗಲದಾಗ ನಿಂತು ಬಿಟ್ಟ. ಅಷ್ಟರಾಗ ಎಲ್ಲಾ ಆಗಿತ್ತು. ಹೆಣ್ಣು ಕೂಸು. ಅಳಲಿಲ್ಲ."

ತಂಬಿಗೆ ಹೂಂ ಅನ್ನಲಿಲ್ಲ. ಫಕೀರವ್ವನ ದನಿ ಒಡೆದು ಆ ಸ್ವರವನ್ನು ಬಿಟ್ಟು ಹೋಗಿತ್ತು. ಅವಳು ಕಾದಳು. ಸದ್ದಿಲ್ಲ.

ಪರದೆಯ ಮೇಲೆ ದೊಡ್ಡ ಗೆರೆ ಮಲಗಿತು, ಸಣ್ಣ ಗೆರೆ ಏಳಲಿಲ್ಲ. ಸುನಂದಾ ಎದ್ದು ನಿಂತಳು. ಅವಳಿಗೆ ಒಂದು ಮಾತೂ ಕೇಳುತ್ತಿರಲಿಲ್ಲ. ಏನಾಗಿದೆ, ಯಾರು ಸತ್ತರು, ಯಾರು ಉಳಿದರು, ಏನೂ ಗೊತ್ತಿರಲಿಲ್ಲ. ಪರದೆಗೆ ಮುಖ ಹತ್ತಿರ ತಂದು, "ಹೂಂ," ಅಂದಳು. "ಹೂಂ, ಹೇಳವಾ. ಅದೀನಿ."

ಪಕ್ಕದ ಮೇಜಿನವನು ತಿರುಗಿ ನೋಡಿದ.

ಅಲ್ಲಿ ಕೋಣೆಯಲ್ಲಿ ಫಕೀರವ್ವ ತಂಬಿಗೆ ಎತ್ತಿ, ತಳದ ಗುಟುಕು ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಮತ್ತೆ ಬಾಯಿ ಹತ್ತಿರ ತಂದಳು.

"ಅದೀಯೇನವಾ?"

ಹೂಂ, ಅಂದಿತು. ನೀರಿಲ್ಲದ್ದಕ್ಕೆ ಈ ಸಲ ಇನ್ನಷ್ಟು ದಪ್ಪಗೆ.

"ತನ್ನ ಟವೆಲ್‌ನ್ಯಾಗ ಸುತ್ತಿದ. ಕಾಲುವಿ ದಂಡಿಗೆ ಇಬ್ಬರೂ ಹೋದ್ವಿ. ಗುದ್ದಲಿ ತರಾಕ ನೆನಪಾಗಲಿಲ್ಲ, ಕುಡಗೋಲಿಲೆ ಅಗದ. ನಾನು ಎತಗೊಂಡು ಕುಂತಿದ್ನಿ. ಅಗಿಯೂ ಹೊತ್ತಿನ್ಯಾಗ ಪ್ಯಾಟಿ ಕಡೆ ಆಕಾಶ ಕೆಂಪಗಾತು. ‘ಎಲ್ಲೋ ಬೆಂಕಿ ಬಿದ್ದೈತಿ ಅಕ್ಕಾ’ ಅಂದ. ‘ಬೀಳ್ಲಿ ಬಿಡು, ನೀ ಅಗಿ’ ಅಂದ್ನಿ. ಆ ಬೆಂಕೀನ ಇವನ ತಲಿ ಮ್ಯಾಲೆ ಹಾಕ್ಯಾರ್ರೀ. ಆ ಬೆಂಕಿ ಬೆಳಕಿನ್ಯಾಗ ನಾವು ಮಣ್ಣು ಮುಚ್ಚಿದ್ವಿ. ಯಾರಿಗೂ ಹೇಳಬ್ಯಾಡಂತ ನಾನ ಆಣಿ ತಗೊಂಡಿದ್ನಿ. ಅದಕ್ಕ ಅಂವ ಹೇಳಿಲ್ಲ. ಅಷ್ಟ."

ಹೂಂ.

ಅವಳು ತಲೆ ಎತ್ತಿದಳು. ರೊಟ್ಟಿ ಒಂದು ಮಗ್ಗುಲು ಬೇಯುವಷ್ಟು ಹೊತ್ತು ದೀಪ ಅವಳನ್ನು ನೋಡಿ, ಆರಿತು.

*

ತೂಕ ಸರಿಬಂತು. ಬೆಂಕಿ ಬಿದ್ದ ಹೊತ್ತು, ಆಕಾಶ ಕೆಂಪಾದ ದಿಕ್ಕು, ಕಾಲುವೆಯ ಜಾಗ, ಎಲ್ಲ ಕೂಡಿತು. ಗೂಳಪ್ಪನನ್ನು ಬಿಟ್ಟರು.

ಮನೆಗೆ ಬಂದವನು ಮೊದಲು ರೊಟ್ಟಿ ತಿಂದ, ಆಮೇಲೆ ಅಕ್ಕನ ಕೂಡ ಕಾಲುವೆಯ ದಂಡೆಗೆ ಹೋದ. ಅಲ್ಲಿ ಹುಲ್ಲು ಬೆಳೆದು ಗುರುತು ಹತ್ತುತ್ತಿರಲಿಲ್ಲ. ಇಬ್ಬರೂ ಅಂದಾಜಿನ ಮೇಲೆ ಕೂತರು.

"ಎಲ್ಲಾ ಹೇಳಿದಿ ಅಕ್ಕಾ?"

"ಎಲ್ಲಾ."

"ಯಾರು ಕೇಳಿದ್ರು?"

ಫಕೀರವ್ವ ಒಂದು ಹುಲ್ಲುಕಡ್ಡಿ ಕಿತ್ತು ನೀರಿಗೆ ಎಸೆದಳು.

"ಯಾರೂ ಇಲ್ಲೋ. ತಂಬಿಗಿ."

ಗೂಳಪ್ಪ ನಗಲು ಹೋಗಿ ನಗಲಿಲ್ಲ.

ಸುದ್ದಿ ಕಣದಿಂದ ಕಣಕ್ಕೆ ಹೋಯಿತು. ಸಾಕ್ಷಿಗೆ ಹೋಗುವ ಹೆಂಗಸರೆಲ್ಲ ತಂಬಿಗೆ ಹಿಡಿದು ಹೋಗತೊಡಗಿದರು. ಧಾರವಾಡದ ಪರದೆಗಳ ಮೇಲೆ ಆ ಸೀಮೆಯ ಪ್ರತಿ ಗೆರೆಯ ಕೆಳಗೂ ಕೂದಲೆಳೆಯಂಥ ಇನ್ನೊಂದು ಗೆರೆ ಅಲುಗಿತು, ಪ್ರತಿ ಸಲ ಪರದೆ ಕೆಂಪಾಯಿತು, ಪ್ರತಿ ಸಲ ಸುನಂದಾ ಇಲ್ಲ ಎಂದು ಒತ್ತಿದಳು. ಅದು ಬಹಳ ದಿನ ನಡೆಯಲಿಲ್ಲ. ಒಂದೇ ಸೀಮೆಯಲ್ಲಿ ಇಷ್ಟು ಸಲ ಪರದೆ ಕೆಂಪಾದದ್ದು ದಿಲ್ಲಿಯವರ ಕಣ್ಣಿಗೆ ಬಿದ್ದು, ಅಲ್ಲಿಂದ ಹುಕುಂ ಬಂತು: ಸಾಕ್ಷಿಗಳು ಯಾವ ಪಾತ್ರೆಯನ್ನೂ ಒಳಗೆ ತರುವಂತಿಲ್ಲ. ನೀರು ಬೇಕಾದವರಿಗೆ ಕಾಗದದ ಲೋಟದಲ್ಲಿ ಕೊಡಲಾಗುವುದು.

ಇನಾಮದಾರರು ಬಾಗಿಲು ಮುಚ್ಚಿ ಸುನಂದಾಳನ್ನು ಎದುರಿಗೆ ಕೂರಿಸಿದರು. "ಎರಡನೇ ದನಿ ಇತ್ತು. ನಿಮಗ ಕಾಣ್ತಿತ್ತು. ಕಟ್ಟಳಿ ಗೊತ್ತಿತ್ತು. ಇನ್ನೊಬ್ಬರು ಇಲ್ಲ ಅಂತ ಹೆಂಗ ಒತ್ತಿದ್ರಿ?"

"ಇನ್ನೊಬ್ಬರು ಇರಲಿಲ್ಲ, ಸರ್," ಅಂದಳು ಸುನಂದಾ. "ಅದ ನಾನು ಮೊದಲಿನಿಂದ ಹೇಳಾಕತ್ತಿದ್ದು."

ಇನಾಮದಾರರು ಕನ್ನಡಕ ಒರೆಸಿದರು. ಒರೆಸುತ್ತಲೇ ಇದ್ದರು. ಕೊನೆಗೆ, ಫಕೀರವ್ವನ ಸಾಕ್ಷಿಯನ್ನು ತಾವು ತಿರುಗಿ ತೆಗೆಯುವುದಿಲ್ಲ, ಆದರೆ ಪರದೆ ಕೆಂಪಾದಾಗ ಉತ್ತರ ಕೊಡುವ ಅಧಿಕಾರ ಇನ್ನು ಮೇಲೆ ಅವಳಿಗಿಲ್ಲ ಅಂದರು. ಬರೇ ನೋಡಬಹುದು.

ಅವಳು ತನ್ನ ಕುರ್ಚಿಗೆ ಬಂದಳು. ಪರದೆಯ ಮೂಲೆಯಲ್ಲಿ ಅದೇ ಸೀಮೆಯ ಯಾವುದೋ ಹೊಸ ಹೆಸರು. ಒಂದು ಗೆರೆ ಎದ್ದಿತು, ಮಲಗಿತು. ಕೆಳಗೆ ಎಳೆ ಇಲ್ಲ. ಅಲ್ಲಿ ಕೇಳುಮನೆಯಲ್ಲಿ, ಕೈಯಲ್ಲಿ ಕಾಗದದ ಲೋಟ ಹಿಡಿದು ಯಾರೋ ಕಾಯುತ್ತಿದ್ದರು.

"ಹೂಂ," ಅಂದಳು ಸುನಂದಾ.

ಗೆರೆ ಮಲಗಿಯೇ ಇತ್ತು.

"ಹೂಂ, ಹೇಳ್ರಿ."

ಪಕ್ಕದ ಮೇಜಿನವನು ಈಗ ತಿರುಗಿ ನೋಡುವುದನ್ನು ಬಿಟ್ಟಿದ್ದ. ಅಲ್ಲಿ ಹಸಿರು ದೀಪ ಇನ್ನೂ ಆರಿರಲಿಲ್ಲ. ಅವಳು ಪರದೆಗೆ ಮತ್ತಷ್ಟು ಹತ್ತಿರ ಬಗ್ಗಿದಳು.